‘ಎರಡೂ ಕಡೆಯವರು ಇಳೀರಿ’

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು 31 ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಜಾಸ್ತಿ ಕಾಲ ಕಳೆದದ್ದು ಕಲಬುರಗಿ–ಆಳಂದ ರೂಟಿನಲ್ಲಿ. ಈಗ ರಿಟೈರ್ ಆಗಿದ್ದೇನೆ. ಬೆಳಿಗ್ಗೆ ಸೂಪರ್ ಮಾರ್ಕೆಟ್ ಹತ್ತಿರದ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ತಿನ್ನುವುದು, ನಿಮ್ಮ ಪತ್ರಿಕೆಯನ್ನು ಟೆಂಡರ್ ನೋಟಿಸಿನವರೆಗೂ ಬಿಡದೆ ಓದುವುದು, ಇದೇ ಈಗ ನನ್ನ ಡ್ಯೂಟಿ.

ನಿಮ್ಮ ಓದುಗರ ಪತ್ರಗಳ ಜಾಗದಲ್ಲಿ ಇತ್ತೀಚೆಗೆ ಇಬ್ಬರ ಜಗಳ ನಡೆಯಿತು. ಅಮೆರಿಕದ ಅಧ್ಯಕ್ಷ ಟ್ರಂಪ್ 2017ರ ಶಾರ್ಲಟ್ಸ್‌ವಿಲ್ ಗಲಾಟೆ ಬಗ್ಗೆ ಮಾತಾಡುವಾಗ ನಾಜಿಗಳನ್ನೇ ‘ಬಹಳ ಒಳ್ಳೆಯ ಜನ’ ಅಂದವರು ಎಂದು ಬೀದರಿನ ಓದುಗರೊಬ್ಬರು ಬರೆದರು. ಅದು ಶುದ್ಧ ಸುಳ್ಳು, ಅರ್ಧ ಮಾತು ಕತ್ತರಿಸಿ ಹಬ್ಬಿಸಿದ್ದು ಎಂದು ಸೇಡಂನ ಇನ್ನೊಬ್ಬರು ಉತ್ತರ ಕೊಟ್ಟರು. ಬೀದರಿನವರು ಮತ್ತೆ ಬರೆದರು. ಸೇಡಂನವರೂ ಬರೆದರು. ಕೊನೆಗೆ ನೀವು ‘ಈ ಚರ್ಚೆಯನ್ನು ಇಲ್ಲಿಗೆ ಮುಗಿಸಲಾಗಿದೆ’ ಎಂದು ಹಾಕಿದಿರಿ. ನಮ್ಮ ಹೋಟೆಲಿನಲ್ಲಿ ಅಂತೂ ಮುಗಿದಿಲ್ಲ ನೋಡಿ. ಒಂದು ಟೇಬಲ್ ಬೀದರಿನವರ ಕಡೆ, ಇನ್ನೊಂದು ಟೇಬಲ್ ಸೇಡಂನವರ ಕಡೆ. ಚಹಾ ಆರಿ ತಣ್ಣಗಾಗುವವರೆಗೂ ನಡೆಯುತ್ತದೆ.

ನನಗೆ ಈ ವಿಷಯದ ಗೀಳು ಹತ್ತಿದ್ದಕ್ಕೆ ಕಾರಣ ನನ್ನ ಅಕ್ಕನ ಮಗ. ಅವನು ಟೆಕ್ಸಾಸಿನಲ್ಲಿದ್ದಾನೆ, ಕಂಪ್ಯೂಟರ್ ಕೆಲಸ. 2017ರ ಫೆಬ್ರುವರಿ 22ರಂದು ಕಾನ್ಸಾಸ್ ರಾಜ್ಯದ ಓಲೇತ್ ಎಂಬ ಊರಿನ ಬಾರೊಂದರಲ್ಲಿ ಹೈದರಾಬಾದ್ ಮೂಲದ ಇಂಜಿನಿಯರ್ ಒಬ್ಬರನ್ನು ಗುಂಡಿಟ್ಟು ಕೊಂದರು. ಅವರಿಗೆ 32 ವರ್ಷ. ‘ನನ್ನ ದೇಶ ಬಿಟ್ಟು ತೊಲಗು’ ಎಂದು ಕೂಗಿ ಹೊಡೆದದ್ದು. ತಡೆಯಲು ಹೋದ ಒಬ್ಬ ಅಮೆರಿಕನ್ ಹುಡುಗನಿಗೂ ಗುಂಡು ಬಿತ್ತು, ಪುಣ್ಯಕ್ಕೆ ಅವನು ಬದುಕಿದ. ಹೈದರಾಬಾದ್ ಅಂದರೆ ನಮಗೆ ಪರ ಊರಲ್ಲ. ಆಸ್ಪತ್ರೆಗೆ, ಮದುವೆ ಸೀರೆಗೆ ಅಲ್ಲಿಗೇ ಓಡುವವರು ನಾವು. ಅಕ್ಕ ಅವತ್ತು ರಾತ್ರಿ ಮಗನಿಗೆ ಫೋನ್ ಹಚ್ಚಿ, ‘ಹೊರಗ ಕನ್ನಡ ಮಾತಾಡಬ್ಯಾಡಪಾ, ಅಂಗಡ್ಯಾಗ ಇದ್ದಾಗ ನನ್ನ ಫೋನ್ ಬಂದ್ರ ಕಟ್ ಮಾಡು’ ಅಂದಳು. ನಾನು ಪಕ್ಕದಲ್ಲೇ ಕೂತಿದ್ದೆ. ತಾಯಿ ಮಗನಿಗೆ ತನ್ನ ಫೋನ್ ಎತ್ತಬೇಡ ಅನ್ನುವುದನ್ನು ನಾನು ಅದೇ ಮೊದಲು ಕೇಳಿದ್ದು.

ಟ್ರಂಪ್ ಆಗ ಅಧ್ಯಕ್ಷರಾಗಿ ಒಂದು ತಿಂಗಳು. ಅವರು ಏನು ಹೇಳುತ್ತಾರೆ ಅಂತ ನಾವೆಲ್ಲಾ ಕಾಯ್ದೆವು. ಅಲ್ಲಿನ ಪತ್ರಿಕೆಗಳೂ ಕೇಳಿದವು. ಆರು ದಿನ ಆದ ಮೇಲೆ, ಫೆಬ್ರುವರಿ 28ರಂದು, ಸಂಸತ್ತಿನ ಭಾಷಣದಲ್ಲಿ ‘ಕಾನ್ಸಾಸ್ ಸಿಟಿಯಲ್ಲಿ ಕಳೆದ ವಾರ ನಡೆದ ಗುಂಡಿನ ದಾಳಿ’ ಎಂದು ಒಂದು ಮಾತು ಬಂತು. ದ್ವೇಷವನ್ನು ಎಲ್ಲರೂ ಸೇರಿ ಖಂಡಿಸುತ್ತೇವೆ ಎಂದರು. ಸತ್ತವರು ಯಾರು, ಯಾಕೆ ಸತ್ತರು, ಅದು ಬರಲಿಲ್ಲ. ಅಕ್ಕ ಕೇಳಿದಳು: ‘ಇಷ್ಟೇ ಏನು?’

ಅಲ್ಲಿಂದ ನಾನು ಆ ದೇಶದ ಸುದ್ದಿಯನ್ನು ದಿನದ ಲೆಕ್ಕ ಇಟ್ಟು ಓದಲು ಶುರು ಮಾಡಿದೆ. ಲೆಕ್ಕ ಇಡುವುದು ಕಂಡಕ್ಟರನಿಗೆ ಹುಟ್ಟು ರೋಗ.

ನಮ್ಮ ಕೆಲಸದಲ್ಲಿ ವೇಬಿಲ್ ಅಂತ ಒಂದು ಹಾಳೆ ಇರುತ್ತದೆ. ಟಿಕೆಟ್ ಮಷಿನ್ ಬರುವ ಮೊದಲು ಅದೇ ನಮ್ಮ ಜೀವ. ಒಂದೊಂದು ಸ್ಟೇಜ್ ಬಂದ ಹಾಗೆ, ಯಾವ ದರದ ಟಿಕೆಟ್ ಎಷ್ಟನೇ ನಂಬರಿಗೆ ಬಂದು ನಿಂತಿದೆ ಎಂದು ಓಡುವ ಬಸ್ಸಿನಲ್ಲೇ ಬರೆಯಬೇಕು. ಸ್ಟೇಜ್ ಕ್ಲೋಸ್ ಮಾಡುವುದು ಅನ್ನುತ್ತಿದ್ದೆವು. ಚೆಕ್ಕಿಂಗ್‌ನವರು ಹತ್ತಿದರೆ ಮೊದಲು ಕೈಗೆ ತೆಗೆದುಕೊಳ್ಳುವುದೇ ಆ ಹಾಳೆ. ಅವರು ಹತ್ತಿದ ಮೇಲೆ ನೀವು ಎಷ್ಟು ಚೆಂದ ಅಕ್ಷರದಲ್ಲಿ ಬರೆದರೂ ಲೆಕ್ಕಕ್ಕಿಲ್ಲ. ಮೆಮೊ ಗ್ಯಾರಂಟಿ. ಬೀದರಿನವರು ಮತ್ತು ಸೇಡಂನವರು ಜಗಳ ಆಡಿದ ಶಾರ್ಲಟ್ಸ್‌ವಿಲ್ ವಿಷಯವನ್ನು ನಾನು ಹಾಗೇ ನೋಡುತ್ತೇನೆ. ಯಾವ ಮಾತು ಯಾವ ಸ್ಟೇಜಿನಲ್ಲಿ ಬಂತು?

2017ರ ಆಗಸ್ಟ್ 11, ಶುಕ್ರವಾರ ರಾತ್ರಿ. ವರ್ಜೀನಿಯಾ ರಾಜ್ಯದ ಶಾರ್ಲಟ್ಸ್‌ವಿಲ್‌ನಲ್ಲಿ ವಿಶ್ವವಿದ್ಯಾಲಯದ ಒಳಗೆ ನೂರಾರು ಬಿಳಿಯರು ಪಂಜು ಹಿಡಿದು ಮೆರವಣಿಗೆ ಮಾಡಿದರು. ಯಹೂದಿಗಳು ನಮ್ಮ ಜಾಗಕ್ಕೆ ಬರಲು ಬಿಡುವುದಿಲ್ಲ ಎಂದು ಕೂಗಿದರು. ನೆಪ ಒಂದು ಪ್ರತಿಮೆ. ಗುಲಾಮಗಿರಿ ಬಿಡಲು ಒಪ್ಪದೆ ದೇಶ ಒಡೆಯಲು ಹೊರಟ ದಕ್ಷಿಣದ ರಾಜ್ಯಗಳ ಸೇನಾಪತಿ ರಾಬರ್ಟ್ ಲೀ ಕುದುರೆ ಮೇಲೆ ಕೂತಿದ್ದ ಪ್ರತಿಮೆ. ಅದನ್ನು ತೆಗೆಯಲು ಅಲ್ಲಿನ ನಗರಸಭೆ ತೀರ್ಮಾನ ಮಾಡಿತ್ತು. ಮರುದಿನ ಶನಿವಾರ ದೊಡ್ಡ ಸಭೆ ಇತ್ತು. ಅದನ್ನು ವಿರೋಧಿಸಲು ಬೇರೆ ಜನರೂ ಬಂದರು, ಹೊಡೆದಾಟ ಆಯಿತು. ಮಧ್ಯಾಹ್ನ 20 ವರ್ಷದ ಒಬ್ಬ ಹುಡುಗ, ಹಿಟ್ಲರನನ್ನು ಮೆಚ್ಚುವವನು, ವಿರೋಧಿಸಲು ಬಂದವರ ಮೇಲೆ ಕಾರು ನುಗ್ಗಿಸಿದ. 32 ವರ್ಷದ ಒಬ್ಬ ಹೆಣ್ಣುಮಗಳು ಸತ್ತಳು. ಎಷ್ಟೋ ಜನರ ಕೈಕಾಲು ಮುರಿದವು. ಆ ಹುಡುಗನಿಗೆ 2019ರಲ್ಲಿ ಜೀವಾವಧಿ ಶಿಕ್ಷೆ ಆಯಿತು.

ಅದೇ ಶನಿವಾರ ಮಧ್ಯಾಹ್ನ ಟ್ರಂಪ್ ಮಾತಾಡಿದರು. ದ್ವೇಷ, ಹಿಂಸೆ ಖಂಡನೀಯ ಅಂದರು. ಸರಿ. ಆಮೇಲೆ ‘ಅನೇಕ ಕಡೆಗಳಿಂದ’ ಎಂದು ಸೇರಿಸಿದರು. ಒಂದು ಸಲ ಸಾಲದು ಅಂತ ಎರಡು ಸಲ ಹೇಳಿದರು. ಪಂಜು ಹಿಡಿದವರು ಯಾರು ಅನ್ನುವುದು ಬಾಯಿಗೆ ಬರಲಿಲ್ಲ. ಅವರದೇ ಪಕ್ಷದ ಸೆನೆಟರ್ ಕೋರಿ ಗಾರ್ಡನರ್, ಕೆಟ್ಟದ್ದನ್ನು ಹೆಸರು ಹಿಡಿದೇ ಕರೆಯಬೇಕು ಎಂದು ಅಧ್ಯಕ್ಷರಿಗೇ ಬಹಿರಂಗವಾಗಿ ಹೇಳಿದರು.

ಸೋಮವಾರ, 14ನೇ ತಾರೀಖು. ಬರೆದಿಟ್ಟ ಹೇಳಿಕೆಯನ್ನು ಶ್ವೇತಭವನದಲ್ಲಿ ಓದಿದರು. ಜನಾಂಗದ್ವೇಷ ಕೆಟ್ಟದ್ದು ಅಂದರು. ಕಪ್ಪು ಜನರನ್ನು ಹಿಂಸಿಸುತ್ತಾ ಬಂದ ಕು ಕ್ಲಕ್ಸ್ ಕ್ಲಾನ್ ಎಂಬ ಹಳೆಯ ಗುಂಪು, ಈಗಿನ ಹಿಟ್ಲರ್ ಭಕ್ತರಾದ ನವನಾಜಿಗಳು, ಬಿಳಿಯರೇ ಮೇಲು ಅನ್ನುವವರು, ಎಲ್ಲರ ಹೆಸರೂ ಬಂತು. ಅಕ್ಷರ ಚೆಂದ ಇತ್ತು. ಆದರೆ ಚೆಕ್ಕಿಂಗ್‌ನವರು ಹತ್ತಿ ಎರಡು ದಿನ ಆಗಿತ್ತು. ಮೆರ್ಕ್ ಔಷಧ ಕಂಪನಿಯ ಮುಖ್ಯಸ್ಥ ಕೆನೆತ್ ಫ್ರೇಜಿಯರ್, ಅವರು ಕಪ್ಪು ಸಮುದಾಯದವರು, ಅವತ್ತೇ ಬೆಳಿಗ್ಗೆ ಅಧ್ಯಕ್ಷರ ಸಲಹಾ ಮಂಡಳಿ ಬಿಟ್ಟು ಹೊರಟಿದ್ದರು.

ಮಂಗಳವಾರ, 15. ನ್ಯೂಯಾರ್ಕಿನ ಟ್ರಂಪ್ ಟವರ್. ಪತ್ರಕರ್ತರ ಪ್ರಶ್ನೆಗಳ ಮಧ್ಯೆ ‘ಆ ಗುಂಪಿನಲ್ಲಿ ಕೆಲವರು ಬಹಳ ಕೆಟ್ಟವರಿದ್ದರು, ಆದರೆ ಎರಡೂ ಕಡೆ ಬಹಳ ಒಳ್ಳೆಯ ಜನರೂ ಇದ್ದರು’ ಎಂದರು. ಬೀದರಿನವರು ಹಿಡಿದುಕೊಂಡಿರುವುದು ಈ ತುಂಡು. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ‘ನಾನು ನವನಾಜಿಗಳ ಬಗ್ಗೆ, ಬಿಳಿ ರಾಷ್ಟ್ರೀಯವಾದಿಗಳ ಬಗ್ಗೆ ಹೇಳುತ್ತಿಲ್ಲ, ಅವರನ್ನು ಪೂರ್ತಿಯಾಗಿ ಖಂಡಿಸಬೇಕು’ ಎಂದರು. ಸೇಡಂನವರ ಕೈಯಲ್ಲಿ ಈ ತುಂಡು ಇದೆ. ಎರಡೂ ಅವರ ಬಾಯಿಂದಲೇ ಬಂದದ್ದು. ಮೊದಲನೆಯದನ್ನು ಮಾತ್ರ ತೋರಿಸುವವರು ಮೋಸ ಮಾಡುತ್ತಾರೆ ಎಂದು ಸೇಡಂನವರು ಬರೆದದ್ದನ್ನು ನಾನು ಒಪ್ಪುತ್ತೇನೆ. ಹೋಟೆಲಿನಲ್ಲಿ ಹೀಗೆ ಅಂದಿದ್ದಕ್ಕೆ ಬೀದರಿನ ಟೇಬಲಿನವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಆದರೆ ಆ ಎರಡನೇ ತುಂಡು ಬಂದದ್ದು ಮೂರನೇ ಸ್ಟೇಜಿನಲ್ಲಿ. ಹೆಣ ಬಿದ್ದ ದಿನದ ಕಾಲಂ ತೆಗೆದು ನೋಡಿದರೆ ಅಲ್ಲಿರುವುದು ‘ಅನೇಕ ಕಡೆ’. ಅಷ್ಟೇ. ಮತ್ತೆ, ಹಿಂದಿನ ರಾತ್ರಿ ಪಂಜಿನ ಮೆರವಣಿಗೆ ಟೀವಿಯಲ್ಲಿ ಬಂದ ಮೇಲೂ ಬೆಳಿಗ್ಗೆ ಎದ್ದು ಅದೇ ಸಭೆಗೆ ಹೋದ ಒಳ್ಳೆಯ ಜನ ಯಾರು ಅಂತ ಸೇಡಂನವರು ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ಮುಂದಿನದ್ದು ರಾಜಕೀಯ. 2019ರ ಏಪ್ರಿಲ್‌ನಲ್ಲಿ ಬೈಡನ್ ತಾವು ಚುನಾವಣೆಗೆ ನಿಲ್ಲುವುದಾಗಿ ಹೇಳಿದ ವಿಡಿಯೊ ಶುರುವಾಗಿದ್ದೇ ಶಾರ್ಲಟ್ಸ್‌ವಿಲ್ ಹೆಸರಿನಿಂದ. 2020ರ ಸೆಪ್ಟೆಂಬರ್ 29ರ ಚರ್ಚೆಯಲ್ಲಿ ಬಿಳಿಯರೇ ಮೇಲು ಅನ್ನುವ ಗುಂಪುಗಳನ್ನು ಖಂಡಿಸುತ್ತೀರಾ ಎಂದು ಕೇಳಿದಾಗ ಟ್ರಂಪ್ ‘ಪ್ರೌಡ್ ಬಾಯ್ಸ್’ ಎಂಬ ಗುಂಪಿಗೆ ‘ಹಿಂದೆ ಸರಿಯಿರಿ, ಸಿದ್ಧವಾಗಿರಿ’ ಅಂದರು. ಮತ್ತೆ ಗದ್ದಲ. ಪ್ರತಿಮೆಯನ್ನು 2021ರಲ್ಲಿ ತೆಗೆದರು, ಆಮೇಲೆ ಕರಗಿಸಿಯೂ ಬಿಟ್ಟರು. ಜಗಳ ಮಾತ್ರ ಸೇಡಂವರೆಗೂ ಬಂದು ನಿಂತಿದೆ.

ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ‘ಎರಡೂ ಕಡೆ’ ಅನ್ನುವ ಮಾತು ನಾನೂ ಆಡಿದ್ದೇನೆ. ಅದನ್ನು ಬರೆಯಲಿಕ್ಕೇ ಕೂತದ್ದು.

2020ರ ಮಾರ್ಚ್ 14, ಶನಿವಾರ. ಕೊರೊನಾದಿಂದ ದೇಶದಲ್ಲೇ ಮೊದಲ ಸಾವು ನಮ್ಮ ಕಲಬುರಗಿಯದ್ದು ಎಂದು ಎರಡು ದಿನದ ಹಿಂದೆ, 12ನೇ ತಾರೀಖು, ಖಚಿತವಾಗಿತ್ತು. ಊರು ಹೇಗಿತ್ತು ಅಂತ ನಿಮಗೇ ಗೊತ್ತು. ಬಸ್ ಹತ್ತುವವರೆಲ್ಲಾ ಟವೆಲ್ಲು, ಸೆರಗು ಬಾಯಿಗೆ ಕಟ್ಟಿಕೊಂಡಿದ್ದರು. ಚಿಲ್ಲರೆ ಕೈಗೆ ಕೊಡುವವರಿಲ್ಲ, ಸೀಟಿನ ಮೇಲೆ ಇಡುತ್ತಿದ್ದರು. ನಾನು ಆಳಂದದಿಂದ ಕಲಬುರಗಿಗೆ ಬರುವ ಮಧ್ಯಾಹ್ನದ ಟ್ರಿಪ್ಪಿನಲ್ಲಿದ್ದೆ. ಕಡಗಂಚಿಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಹತ್ತಿದರು. ಓದುವ ಮಕ್ಕಳು. ದೊಡ್ಡ ದೊಡ್ಡ ಬ್ಯಾಗು. ರಜೆ ಕೊಟ್ಟಿದ್ದಾರೆ, ಊರಿಗೆ ಹೊರಟಿದ್ದಾರೆ ಅಂತ ನೋಡಿದರೇ ತಿಳಿಯುತ್ತಿತ್ತು. ಮಣಿಪುರದವರು. ಅದು ನನಗೆ ಆಮೇಲೆ ಗೊತ್ತಾಯಿತು.

ಅವರು ಕೂತ ಸೀಟಿನ ಹಿಂದಿನವರು ಎದ್ದು ಮುಂದೆ ಬಂದರು. ಪಕ್ಕದವರು ಆಚೆ ಸರಿದರು. ಕೊನೇ ಸೀಟಿನಲ್ಲಿ ಮುಂದಿನ ಊರಿನ ನಾಲ್ವರು ಹುಡುಗರು ಕೂತಿದ್ದರು. ಆ ಊರಿನ ಹೆಸರು ಬರೆಯುವುದಿಲ್ಲ, ಊರೇನೂ ಮಾಡಿಲ್ಲ. ‘ಏ ಚೈನಾ’ ಎಂದು ಶುರುವಾಯಿತು. ಆಮೇಲೆ ‘ಏ ಕೊರೊನಾ, ಇಳೀಲೇ ಕೆಳಗ’. ಹುಡುಗಿ ಕಿವಿಗೆ ವೈರು ಹಾಕಿಕೊಂಡು ಕಿಟಕಿ ಕಡೆ ಮುಖ ಮಾಡಿದಳು. ಹುಡುಗ ಎದ್ದು ಹಿಂದಿಯಲ್ಲಿ ಹೇಳಿದ, ನಾವು ಮಣಿಪುರದವರು, ಮಣಿಪುರ ಇಂಡಿಯಾದಲ್ಲಿದೆ ಅಂತ. ಹಿಂದಿನ ಸೀಟಿನಲ್ಲಿ ನಗು. ಒಬ್ಬ ಎದ್ದು ಬಂದು ಕೆಮ್ಮಿದ ಹಾಗೆ ಮಾಡಿ ಅವನ ಮುಖದ ಹತ್ತಿರ ಹೋದ. ಮಣಿಪುರದ ಹುಡುಗ ಅವನ ಅಂಗಿ ಹಿಡಿದು ತಳ್ಳಿದ. ಅಷ್ಟರಲ್ಲಿ ನಾಲ್ಕೂ ಜನ ಮೇಲೆ ಬಿದ್ದರು.

ಸೀಟಿ ಊದಿದೆ. ಬಸ್ ನಿಂತಿತು. ನಾನು ಹೇಳಿದ್ದು ಇಷ್ಟು: ‘ತಪ್ಪು ಇಬ್ಬರದೂ ಅದ. ನನ್ನ ಬಸ್ಸಿನ್ಯಾಗ ಜಗಳ ನಡೆಯಂಗಿಲ್ಲ. ಎರಡೂ ಕಡೆಯವರು ಇಳೀರಿ.’

ಡ್ರೈವರನ ಹಿಂದಿನ ಸೀಟಿನಲ್ಲಿ ಮಡಿಲಲ್ಲಿ ಕಾಯಿಪಲ್ಲೆ ಗಂಟು ಇಟ್ಟುಕೊಂಡ ಮುದುಕಿ ಒಬ್ಬಳಿದ್ದಳು. ‘ಆ ಹುಡುಗ್ರು ಏನ್ ಮಾಡ್ಯಾರೋ ಯಪ್ಪಾ, ಪರ ಊರಿನ ಮಕ್ಕಳು’ ಅಂದಳು. ‘ನೀ ಸುಮ್ಮ ಕುಂದ್ರು ಯವ್ವಾ, ಬಸ್ಸಿಗಿ ಹೊತ್ತಾಗ್ಲಿಕತ್ತದ’ ಎಂದು ನಾನು ಬಾಯಿ ಮುಚ್ಚಿಸಿದೆ.

ನಾಲ್ವರು ಹುಡುಗರು ನಗುತ್ತಾ ಇಳಿದರು. ಅವರ ಊರಿನ ಕಮಾನು ಅಲ್ಲಿಂದ ಕಾಣುತ್ತಿತ್ತು. ಹೇಗೂ ಅವರು ಇಳಿಯಬೇಕಾದದ್ದು ಅಲ್ಲೇ. ಮಣಿಪುರದ ಇಬ್ಬರು ಎರಡು ಬ್ಯಾಗು ಎಳೆದುಕೊಂಡು ಇಳಿದರು. ಅವರಿಗೆ ಸಂಜೆ ರೈಲಿತ್ತು. ಕಲಬುರಗಿ ಇನ್ನೂ 15 ಕಿಲೋಮೀಟರ್. ರಸ್ತೆ ಪಕ್ಕ ಒಂದು ಜಾಲಿ ಗಿಡ ಬಿಟ್ಟರೆ ನೆರಳಿಲ್ಲ. ಬಿಟ್ಟುಬಂದದ್ದು ಆ ನಾಲ್ವರ ಜೊತೆಗೇ, ಅದೇ ರಸ್ತೆ ಮೇಲೆ. ಇದು ನನಗೆ ಬಸ್ ಹೊರಟ ಮೇಲೆ ಹೊಳೆಯಿತು. ಆದರೂ ಸೀಟಿ ಊದಲಿಲ್ಲ.

ನಾನು ಅವರಿಗೆ ಕಲಬುರಗಿ ಟಿಕೆಟ್ ಕೊಟ್ಟಿದ್ದೆ. ಉಳಿದ ದಾರಿಯ ಹಣ ವಾಪಸ್ ಕೊಡಲಿಲ್ಲ. ಅವರು ಕೇಳಲೂ ಇಲ್ಲ. ರಾತ್ರಿ ಡಿಪೊದಲ್ಲಿ ಹಣ ಕಟ್ಟುವಾಗ ಲೆಕ್ಕ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲದೆ ಹೊಂದಿತು. ನಮ್ಮ ಹಿಂದೆ ಬಂದ ಬಸ್ಸಿನ ಕಂಡಕ್ಟರನನ್ನು ಕೇಳಿದೆ. ‘ನೋಡಿಲ್ರೀ’ ಅಂದ.

ನಾನು ಪಕ್ಷಪಾತ ಮಾಡಿಲ್ಲ, ಇಬ್ಬರಿಗೂ ಒಂದೇ ಶಿಕ್ಷೆ ಕೊಟ್ಟೆ ಎಂದು ಅವತ್ತು ಮನೆಯಲ್ಲಿ ಹೆಮ್ಮೆಯಿಂದ ಹೇಳಿದೆ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು: ‘ಆ ಹುಡುಗ್ರ ಊರು ಎಷ್ಟು ದೂರ?’

ಅಮೆರಿಕದ ಅಧ್ಯಕ್ಷರು ‘ಚೈನೀಸ್ ವೈರಸ್’ ಎಂದು ಟ್ವೀಟ್ ಮಾಡಿದ್ದು ಮಾರ್ಚ್ 16ರಂದು. ಅಂದರೆ ಆ ಮಾತನ್ನು ಅವರಿಂದ ನಮ್ಮ ಹುಡುಗರು ಕಲಿಯಲಿಲ್ಲ, ಎರಡು ದಿನ ಮುಂದೆಯೇ ಇದ್ದರು. ಒಂದು ವಾರ ಬಿಟ್ಟು ಅವರು, ಏಷ್ಯಾ ಮೂಲದ ಅಮೆರಿಕನ್ನರನ್ನು ಕಾಪಾಡಬೇಕು, ತಪ್ಪು ಅವರದ್ದಲ್ಲ ಎಂದರು. ನಮ್ಮ ಕೇಂದ್ರ ಗೃಹ ಇಲಾಖೆಯೂ ಅದೇ ಹೊತ್ತಿಗೆ, ಈಶಾನ್ಯದವರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ನನ್ನ ಬಸ್ಸಿನ ಹೊತ್ತಿಗೆ ಇವು ಯಾವುವೂ ಬಂದಿರಲಿಲ್ಲ. ಬಂದಿದ್ದರೆ ನಾನು ಬೇರೆ ಥರ ಮಾಡುತ್ತಿದ್ದೆನಾ? ಗೊತ್ತಿಲ್ಲ.

ಅದೇ ವಾರ ನನ್ನ ಮಗಳು ಬೆಂಗಳೂರಿನ ಪೀಜಿಯಿಂದ ಅಳುತ್ತಾ ಫೋನ್ ಮಾಡಿದಳು. ‘ಕಲಬುರಗಿಯವಳಾ? ಊರಿಗೆ ಹೋಗಿ ಬಂದವಳು ಸದ್ಯಕ್ಕೆ ಇಲ್ಲಿರಬೇಡ’ ಎಂದು ಪೀಜಿಯವರು ಅಂದಿದ್ದರಂತೆ. ಅವಳು ಸಂಕ್ರಾಂತಿಗೆ ಬಂದು ಹೋದವಳು. ‘ಅವರದ್ದೂ ಹೆದರಿಕೆ ಇರ್ತದ, ನಿಂದೂ ತಪ್ಪಿಲ್ಲ’ ಎಂದು ಸಮಾಧಾನ ಹೇಳಲು ಹೋದೆ. ಮಾತು ಗಂಟಲಲ್ಲೇ ನಿಂತಿತು.

ಬೆಂಗಳೂರು ಅಂದಾಗ ಇನ್ನೊಂದು. 2016ರ ಜನವರಿ 31ರ ರಾತ್ರಿ ಹೆಸರಘಟ್ಟ ಕಡೆ ಸುಡಾನ್ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಹೆಣ್ಣುಮಗಳು ಸತ್ತಳು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ಟಾಂಜಾನಿಯಾದ ಹುಡುಗಿಯನ್ನು ಜನ ಹಿಡಿದು ಹೊಡೆದರು, ಬಟ್ಟೆ ಹರಿದರು, ಕಾರು ಸುಟ್ಟರು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ, ಅಷ್ಟೇ. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಇದು ನಾಚಿಕೆಗೇಡು ಎಂದರು. ನಮ್ಮ ಗೃಹ ಸಚಿವರಾಗಿದ್ದ ಪರಮೇಶ್ವರ ಅವರು, ಇದು ಜನಾಂಗದ್ವೇಷದ ದಾಳಿ ಅಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದರು. ಆರೋಪಿಗಳನ್ನು ಹಿಡಿದರು, ಪೊಲೀಸರನ್ನು ಅಮಾನತು ಮಾಡಿದರು, ಕೆಲಸ ಆಗಲಿಲ್ಲ ಅಂತ ಹೇಳುತ್ತಿಲ್ಲ. ಆದರೆ ಸಚಿವರ ಬಾಯಿಂದ ಮೊದಲು ಬಂದದ್ದು ‘ಅಲ್ಲ’. ಟ್ರಂಪ್ ಬಗ್ಗೆ ಎರಡು ಪತ್ರ ಬರೆದ ಬೀದರಿನವರು ಇದನ್ನು ಬರೆಯಲಿಲ್ಲ. ಅದು ಅವರಿಗೆ ಬೇಕಾದ ಪಕ್ಷದ ಸರ್ಕಾರ ಅಂತ ಕಾಣುತ್ತದೆ. ನನ್ನ ಊಹೆ ತಪ್ಪಾಗಿದ್ದರೆ ಕ್ಷಮೆ ಇರಲಿ.

ಬೀದರಿನವರ ಊರಲ್ಲೇ ಹಬ್ಶಿ ಕೋಟ್ ಅಂತ ಒಂದು ಗುಡ್ಡ ಇದೆ. ಬಹಮನಿ ಕಾಲದ ಆಫ್ರಿಕಾ ಮೂಲದ ಸರದಾರರ ಗೋರಿಗಳು ಅಲ್ಲಿವೆ. ಆಫ್ರಿಕಾದವರು ಬೀದರಿನಲ್ಲಿ ಫೌಜು ನಡೆಸಿ ಐನೂರು ವರ್ಷದ ಮೇಲಾಯಿತು. ಸುಮ್ನೆ ಹೇಳಿದೆ.

ನಾಯಕರೆಲ್ಲಾ ಹೀಗೇ ಅಂತಲೂ ಅಲ್ಲ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳಿಗೆ ನುಗ್ಗಿ ಒಬ್ಬ ಬಿಳಿಯ 51 ಜನರನ್ನು ಕೊಂದ. ಸತ್ತವರಲ್ಲಿ ಹೈದರಾಬಾದಿನವರೂ ಇದ್ದರು. ಪ್ರಧಾನಿ ಜಸಿಂಡಾ ಆರ್ಡರ್ನ್ ಅದೇ ದಿನ, ಸತ್ತವರಲ್ಲಿ ವಲಸೆ ಬಂದವರು ಹೆಚ್ಚಿರಬಹುದು, ಆದರೆ ‘ಅವರೆಂದರೆ ನಾವೇ’ ಎಂದರು. ಕೊಂದವನ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದು ಸಂಸತ್ತಿನಲ್ಲಿ ಹೇಳಿದರು. ಒಂದು ತಿಂಗಳ ಒಳಗೆ ಬಂದೂಕಿನ ಕಾನೂನು ಬದಲಾಯಿತು. ಸತ್ತವರ ಮನೆಯವರನ್ನು ನೋಡಲು ಹೋದಾಗ ತಲೆಗೆ ವಸ್ತ್ರ ಹೊದ್ದದ್ದು ನಾಟಕ ಎಂದು ಅವರನ್ನು ಬೈದವರೂ ಇದ್ದರು. ಬೇಹುಗಾರಿಕೆ ಇಲಾಖೆಯವರು ಆ ಕೊಲೆಗಾರನಂಥವರ ಕಡೆ ಸಾಕಷ್ಟು ಗಮನ ಕೊಟ್ಟಿರಲಿಲ್ಲ ಎಂದು ವಿಚಾರಣಾ ಆಯೋಗ ಹೇಳಿದಾಗ ಕ್ಷಮೆಯನ್ನೂ ಕೇಳಿದರು. ಬಿಳಿ ರಾಷ್ಟ್ರೀಯವಾದ ಬೆಳೆಯುತ್ತಿದೆಯಾ ಎಂದು ದಾಳಿಯ ದಿನ ಟ್ರಂಪ್ ಅವರನ್ನು ಕೇಳಿದರು. ಹಾಗನ್ನಿಸುವುದಿಲ್ಲ, ಅದೊಂದು ಸಣ್ಣ ಗುಂಪು ಅಂದರು.

ಈಗ ನಮ್ಮ ಮನೆ ಸುದ್ದಿಗೆ ಬರುತ್ತೇನೆ. ಈ ಭಾಗದಲ್ಲಿ ಇದನ್ನು ಬರೆಯದೆ ಬಿಟ್ಟರೆ ಲೆಕ್ಕ ಪೂರ್ತಿ ಆಗುವುದಿಲ್ಲ.

2024ರ ನವೆಂಬರ್‌ನಲ್ಲಿ, ಮಹಾರಾಷ್ಟ್ರದ ಚುನಾವಣೆ ಹೊತ್ತಿಗೆ, ಉತ್ತರ ಪ್ರದೇಶದ ಮುಖ್ಯಮಂತ್ರಿ ಯೋಗಿ ಆದಿತ್ಯನಾಥ್ ನಮ್ಮ ಮಲ್ಲಿಕಾರ್ಜುನ ಖರ್ಗೆ ಅವರ ತಾಯಿಯ ವಿಷಯ ಎತ್ತಿದರು. 1948ರಲ್ಲಿ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ರಜಾಕಾರರು (ಆಗಿನ ಹೈದರಾಬಾದ್ ನಿಜಾಮರ ಪರ ಇದ್ದ, ಖಾಸಿಂ ರಜ್ವಿಯ ಬಂದೂಕಿನ ದಂಡು) ಹಚ್ಚಿದ ಬೆಂಕಿಗೆ ಖರ್ಗೆ ಅವರ ತಾಯಿ, ತಂಗಿ ಸತ್ತರು. ವೋಟಿಗೋಸ್ಕರ ಖರ್ಗೆ ಅದನ್ನು ಹೇಳುವುದಿಲ್ಲ ಎಂಬುದು ಯೋಗಿ ಅವರ ಮಾತು. ಪ್ರಿಯಾಂಕ್ ಖರ್ಗೆ ಉತ್ತರ ಕೊಟ್ಟರು: ಹೌದು, ಮಾಡಿದ್ದು ರಜಾಕಾರರು, ಇಡೀ ಮುಸ್ಲಿಂ ಸಮುದಾಯ ಅಲ್ಲ, ನಮ್ಮ ತಂದೆ ಆ ದುಃಖವನ್ನು ರಾಜಕೀಯಕ್ಕೆ ಬಳಸಲಿಲ್ಲ. ಹೋಟೆಲಿನ ಎರಡೂ ಟೇಬಲ್ ಅವತ್ತು ಬೆಂಕಿ ಆಗಿದ್ದವು.

ನಮ್ಮ ಅಜ್ಜಿ ಆಳಂದ ತಾಲ್ಲೂಕಿನವಳು. ರಜಾಕಾರರ ಸುದ್ದಿ ಹೇಳುವಾಗ ಅವಳದ್ದು ಒಂದು ರೀತಿ ಇತ್ತು. ಯಾವ ಊರಿನಿಂದ ಬಂದರು, ಯಾರು ಮುಂದಿದ್ದರು, ಯಾವನ ಕೈಯಲ್ಲಿ ಬಂದೂಕು, ಯಾರ ಕಣಕಿ ಬಣಮಿಗೆ ಬೆಂಕಿ ಇಟ್ಟರು, ಎಲ್ಲಾ ಹೆಸರು ಹಿಡಿದು ಹೇಳುತ್ತಿದ್ದಳು. ಬೇರೆ ಯಾರಾದರೂ ನಡುವೆ ಬಾಯಿ ಹಾಕಿ ‘ಅವರು ಇರೋದೇ ಹಂಗ’ ಅಂದರೆ ಸಿಟ್ಟಾಗುತ್ತಿದ್ದಳು. ‘ಅವರು ಅಂದ್ರ ಯಾರು? ನಿನಗ ಗೊತ್ತಿಲ್ಲಂದ್ರ ಸುಮ್ಮ ಕೇಳು’ ಅನ್ನುತ್ತಿದ್ದಳು. ನಾನು ಬಸ್ಸಿನಲ್ಲಿ ಮುದುಕಿಗೆ ‘ಸುಮ್ಮ ಕುಂದ್ರು’ ಅಂದದ್ದು ನೆನಪಾದಾಗೆಲ್ಲಾ ಅಜ್ಜಿಯ ಈ ‘ಸುಮ್ಮ ಕೇಳು’ ಕೂಡಾ ನೆನಪಾಗುತ್ತದೆ.

ಆ ಕಾಲದ ದೊರೆ ಏನು ಮಾಡಿದ? ಖಾಸಿಂ ರಜ್ವಿಯ ಗುಂಪು ಊರೂರು ಸುಡುತ್ತಿದ್ದಾಗ, ಬಸವಕಲ್ಯಾಣ ಕಡೆ ಗೋರ್ಟಾದಲ್ಲಿ ಹೆಣಗಳು ಬಿದ್ದಾಗ ನಿಜಾಮರು ಅವರಿಗೆ ಕಡಿವಾಣ ಹಾಕಲಿಲ್ಲ. ಸೆಪ್ಟೆಂಬರ್ 17ಕ್ಕೆ ಶರಣಾದ ಮೇಲೆ, 23ರಂದು ರೇಡಿಯೋದಲ್ಲಿ ಮಾತಾಡಿ, ಒಂದು ಸಣ್ಣ ಗುಂಪು ಹಿಟ್ಲರನ ರೀತಿಯಲ್ಲಿ ರಾಜ್ಯ ವಶ ಮಾಡಿಕೊಂಡು ನನ್ನನ್ನು ಅಸಹಾಯಕ ಮಾಡಿತ್ತು ಎಂದರು. ಭಾರತದ ಸೈನ್ಯ ಬಸ್ ಹತ್ತಿದ ಮೇಲೆ ಬರೆದ ವೇಬಿಲ್ ಅದು.

ಅದಾದ ಮೇಲೆ ನಡೆದದ್ದೂ ಇದೆ. ಭಾರತದ ಸೈನ್ಯ ಬಂದು ನಿಜಾಮರನ್ನು ಶರಣು ಮಾಡಿಸಿದ ಆ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ನಮ್ಮ ಇದೇ ಜಿಲ್ಲೆಗಳಲ್ಲಿ, ಗುಲ್ಬರ್ಗಾ, ಬೀದರ್, ಉಸ್ಮಾನಾಬಾದ್, ನಾಂದೇಡಗಳಲ್ಲಿ, ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರು ಸತ್ತರು. ನೆಹರೂ ಅವರೇ ಪಂಡಿತ್ ಸುಂದರಲಾಲ್ ತಂಡವನ್ನು ಕಳಿಸಿದರು. 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ತಂಡ ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಬೀರುವಿನಿಂದ ಹೊರಗೆ ಬರಲಿಲ್ಲ. ಗೋರ್ಟಾಕ್ಕೆ ಸ್ಮಾರಕ ಆಯಿತು, ಆಗಬೇಕಿತ್ತು, ಒಳ್ಳೆಯದಾಯಿತು. ಈ ಇನ್ನೊಂದು ಸ್ಟೇಜ್ ಮಾತ್ರ ಇನ್ನೂ ಕ್ಲೋಸ್ ಆಗಿಲ್ಲ. ಇದನ್ನು ಓದಿ ಯಾರಾದರೂ ‘ನೀನೂ ಎರಡೂ ಕಡೆ ಅನ್ನುತ್ತಿದ್ದೀಯಲ್ಲಾ’ ಅಂದಾರು. ಇಲ್ಲ. ಗೋರ್ಟಾದಲ್ಲಿ ಯಾರು ಕೊಂದರು, ಆಮೇಲೆ ಊರೂರಲ್ಲಿ ಯಾರು ಕೊಂದರು, ಎರಡಕ್ಕೂ ಬೇರೆ ಬೇರೆ ಹಾಳೆ ಇರಲಿ, ಬೇರೆ ಬೇರೆ ಹೆಸರು ಇರಲಿ ಅನ್ನುತ್ತಿದ್ದೇನೆ. ಒಂದನ್ನು ಇನ್ನೊಂದರ ಮೇಲೆ ಹಾಕಿ ಒರೆಸಿದರೆ ಎರಡೂ ಓದಲು ಬರುವುದಿಲ್ಲ.

ನಿಮ್ಮಲ್ಲಿ ಒಂದೇ ಕೇಳಿಕೆ. ಇಂಥ ಘಟನೆ ಆದಾಗ ನಾಯಕರ ಹೇಳಿಕೆ ಹಾಕುತ್ತೀರಲ್ಲ, ಅದರ ಪಕ್ಕದಲ್ಲಿ ಎರಡು ವಿವರ ಕೊಡಿ. ಘಟನೆ ಆದದ್ದು ಯಾವಾಗ, ಅವರು ಬಾಯಿ ಬಿಟ್ಟದ್ದು ಯಾವಾಗ. ತಾರೀಖು ಇರಲಿ, ಸಾಧ್ಯವಾದರೆ ಗಂಟೆಯೂ ಇರಲಿ. ಯಾವ ಪಕ್ಷದವರಾದರೂ ಅಷ್ಟೇ. ಮೂರು ದಿನದ ನಂತರ ಬಂದ ಒಳ್ಳೆಯ ಮಾತನ್ನು ಮೊದಲ ದಿನದ್ದೆಂಬಂತೆ ಹಾಕಬೇಡಿ. ಮೊದಲ ದಿನದ ಕೆಟ್ಟ ಮಾತನ್ನು, ಆಮೇಲೆ ಅವರು ಸರಿ ಮಾಡಿಕೊಂಡದ್ದನ್ನು ಮುಚ್ಚಿಟ್ಟು, ಪ್ರತಿ ಚುನಾವಣೆಗೂ ಹಾಕಬೇಡಿ. ಬೀದರಿನವರಿಗೂ ಸೇಡಂನವರಿಗೂ ಅಲ್ಲಿಗೆ ಅರ್ಧ ಜಗಳ ಕಡಿಮೆ ಆಗುತ್ತದೆ. ಇನ್ನರ್ಧ ಅವರು ಆಡಿಕೊಳ್ಳಲಿ, ಚಹಾ ನಾನು ಕೊಡಿಸುತ್ತೇನೆ.

ಪತ್ರ ಉದ್ದವಾಯಿತು. ಜಾಗ ಇಲ್ಲದಿದ್ದರೆ ಕತ್ತರಿಸಿ, ಬೇಸರವಿಲ್ಲ. ಟ್ರಂಪ್ ಭಾಗ ತೆಗೆದರೂ ನಡೆಯುತ್ತದೆ, ಅದು ಎಲ್ಲರಿಗೂ ಸಿಗುತ್ತದೆ. ಬಸ್ಸಿನ ಭಾಗ ಮಾತ್ರ ತೆಗೆಯಬೇಡಿ. ಆ ಇಬ್ಬರಿಗೆ ಕನ್ನಡ ಬರುತ್ತಿರಲಿಲ್ಲ, ನಿಮ್ಮ ಪತ್ರಿಕೆ ಅವರ ಕೈಗೆ ಹೋಗುವುದಿಲ್ಲ, ಗೊತ್ತಿದೆ. ಆದರೆ ಕೊನೇ ಸೀಟಿನ ಆ ನಾಲ್ವರು ಈಗಲೂ ಅದೇ ರೂಟಿನಲ್ಲಿ ಓಡಾಡುತ್ತಾರೆ. ಕಮಾನಿನ ಹತ್ತಿರದ ಚಹಾದಂಗಡಿಗೆ ನಿಮ್ಮ ಪತ್ರಿಕೆ ದಿನಾ ಬೀಳುತ್ತದೆ. ಬಂಡಲ್ ಎಸೆಯುತ್ತಿದ್ದವನು ನಾನೇ.

— ಒಬ್ಬ ನಿವೃತ್ತ ಬಸ್ ಕಂಡಕ್ಟರ್, ಆಳಂದ ರಸ್ತೆ, ಕಲಬುರಗಿ